ಯಥಾಸ್ಥಿತಿ

ಕರಿ ಇಶಾಡಿನ ಮರ. ಗಡಿಯ ದರೆಯ ಮೇಲೆ ನಿಂತಿತ್ತು.
ಗಾಳಿಗೆ ಬಿದ್ದಾಗ ಬುಡ ಹಮ್ಮಣ್ಣ ನಾಯಕರ ಹಿತ್ತಲಲ್ಲಿ,
ತಲೆ ಬೊಮ್ಮಯ್ಯನ ಗದ್ದೆಯಲ್ಲಿ.
ಬದುಕಿದ್ದಾಗ ಇಬ್ಬರಿಗೂ ಹಣ್ಣು ಕೊಟ್ಟದ್ದು
ಸತ್ತಮೇಲೆ ಸರ್ವೆ ನಂಬರಾಯಿತು.

ಮೊದಲ ವಾರವೇ ಟೇಪು ಹಿಡಿದು ಹೋದವ ನಾನು,
ಮಿಲ್ಲಿನವ.
ಹಸಿ ಮಾವು, ಬೆಳ್ಳಗೆ, ಮುಖವಿಲ್ಲದ ಮರ:
ಸೆಂಟ್ರಿಂಗಿಗೆ, ಮೀನಿನ ಪೆಟ್ಟಿಗೆಗೆ,
ಇಲ್ಲವಾದರೆ ಹೆಣ ಸುಡಲಿಕ್ಕೆ.
ಟೇಪು ಬಿಚ್ಚುವುದರೊಳಗೆ ಅಂಕೋಲೆಯ ಕೋರ್ಟಿನ ಕಾಗದ ಬಂತು,
ಯಥಾಸ್ಥಿತಿ ಕಾಪಾಡತಕ್ಕದ್ದು.

ಇಬ್ಬರೂ ಕಾಪಾಡಿದರು.
ಒಂದು ಚಕ್ಕೆಯನ್ನೂ ಯಾರೂ ಎತ್ತಲಿಲ್ಲ.
ಮರಕ್ಕೆ ಮಾತ್ರ ನೋಟೀಸು ಜಾರಿಯಾಗಿರಲಿಲ್ಲ.

ಆಷಾಢದಲ್ಲಿ ಮುರಿದ ತುದಿಯಿಂದ ಒಳಹೊಕ್ಕಿತು ಬೂಷ್ಟು.
ಬುಡದಿಂದ ಒಂದು, ಕವಲಿನಿಂದ ಇನ್ನೊಂದು,
ವಕೀಲರಿಲ್ಲದವು.
ಎದುರಾದಲ್ಲಿ ಎರಡೂ ಗೆರೆ ಎಳೆದುಕೊಂಡವು,
ಕಾಡಿಗೆಯಲ್ಲಿ ಸೂಜಿ ಅದ್ದಿ ಬರೆದಷ್ಟು ಸಣ್ಣಗೆ:
ಇಲ್ಲಿಯವರೆಗೆ ನಾನು, ಇಲ್ಲಿಂದ ನೀನು.
ಹದ್ದುಬಸ್ತಿಗೆ ಅರ್ಜಿ ಕೊಟ್ಟವರಿಲ್ಲ.

ಇದನ್ನು ಕಲಿಸಿದವ ಬಟ್ಟಲು ಕಡೆಯುವ ಗಣಬಾ ಆಚಾರಿ.
‘ದೋಸೆ ಹಿಟ್ಟು ನೋಡಿದ ಹಾಗೆ ನೋಡ್ಬೇಕು ಮಾರಾಯ,
ಉಕ್ಕಿ ಚೆಲ್ಲಿದ ಮೇಲೆ ಎದ್ದು ಬಂದರೆ ಎಂತ ಬಂತು?’
(ಅವನ ಮನೆಯ ಹಿಟ್ಟು ಸದಾ ಹುಳಿ.)
ಉಗುರು ಊರು. ಇಳಿಯದಿದ್ದರೆ ತಡೆ.
ಸ್ವಲ್ಪ ಇಳಿದು ನಿಂತರೆ ಅದೇ ದಿನ.
ಇಳಿಯುತ್ತಲೇ ಹೋದರೆ ಮನೆಗೆ ಹೋಗಿ ಊಟ ಮಾಡು.
ಸುತ್ತಿಗೆಯ ಹಿಡಿಯಿಂದ ಬಡಿ: ಠಣ್ ಅಂದರೆ ಕಾಯಿ,
ಧಬ್ ಅಂದರೆ ಕೊಳೆ.
ನಡುವೆ ಒಂದು ದನಿ ಇದೆಯಂತೆ,
ತೆಂಗಿನಕಾಯಿ ವ್ಯಾಪಾರದವರು ಕೂಡಲೇ ಹಿಡಿಯುತ್ತಾರೆ.
ನನಗೆ ಇನ್ನೂ ಪೂರ್ತಿ ಕೇಳಿಸಿಲ್ಲ.

ಎರಡು ಮಳೆಗಾಲ ಹೋದೆ, ಬಂದೆ.
‘ಎಂತಕ್ಕೆ ಬಂದ್ಯೋ?’ ಇತ್ತ ಹಮ್ಮಣ್ಣ. ‘ಸುಮ್ಮನೆ.’
ಅತ್ತ ಬೊಮ್ಮಯ್ಯ ಬೀಡಿ ಹಚ್ಚಿ ನೋಡುತ್ತಿದ್ದ, ಇವ ಯಾರ ಕಡೆಯವ ಎಂದು.
ಮರ ಮೂಸುವ ಹುಚ್ಚನನ್ನು ಸಾಕ್ಷಿ ಪಟ್ಟಿಗೆ ಸೇರಿಸಬೇಕೇ ಎಂದು
ಎರಡೂ ಕಡೆಯ ವಕೀಲರು ಯೋಚಿಸಿದರಂತೆ.

ಎರಡನೆಯ ಕಾರ್ತಿಕ. ತುದಿಗೆ ಮೂಗಿಟ್ಟೆ,
ಅಣಬೆಯ ವಾಸನೆ, ಒಂದಿಷ್ಟು ಸಿಹಿ.
ಉಗುರು ಇಳಿಯಿತು. ನಿಂತಿತು.
ಅದೇ ದಿನ.
ಕೋರ್ಟಿನ ತಾರೀಖು ಫೆಬ್ರುವರಿಗೆ ಇತ್ತು,
ಫೆಬ್ರುವರಿಯಲ್ಲಿ ನ್ಯಾಯಾಧೀಶರಿಗೆ ವರ್ಗ.
ಒಂದು ರಾತ್ರಿ ಚೈನ್ ಗರಗಸಕ್ಕೆ ಪೆಟ್ರೋಲ್ ತುಂಬಿದೆ,
ಹೊಸ್ತಿಲಲ್ಲಿ ಕೂತು ಬೀಡಿ ಮುಗಿಸಿ
ಡಬ್ಬಕ್ಕೆ ವಾಪಸು ಸುರಿದೆ.

ರಾಜಿಯಾದದ್ದು ಮುಂದಿನ ಶ್ರಾವಣದಲ್ಲಿ.
ದೊಡ್ಡ ಮನಸ್ಸಿನಿಂದಲ್ಲ, ಬಸ್ಸಿನ ಖರ್ಚಿನಿಂದ.
ಕೊಳೆತದ್ದು, ಒಯ್ದುಬಿಡು ಅಂದರು ಇಬ್ಬರೂ.
ಕಟ್ಟಿಗೆಯ ದರಕ್ಕೆ ತೂಕ ಹಾಕಿಸಿ ತಂದೆ.
ಒಳಗಿನ ಗೆರೆಯ ಮಾತು ಹೇಳಲಿಲ್ಲ.
ಇದನ್ನು ಇಲ್ಲೇ ಬರೆದಿಡುತ್ತೇನೆ.

ಮೂಗಿಗೆ ಪಂಚೆಯ ತುಂಡು ಕಟ್ಟಿ ಬ್ಲೇಡಿಗೆ ಕೊಟ್ಟೆ.
ಬುಡದ ಕಡೆ ಸದ್ದೇ ಇಲ್ಲ,
ನೆನೆದ ಅವಲಕ್ಕಿಯ ಹಾಗೆ ಉದುರಿತು, ಐದಡಿ, ಆರಡಿ.
ತಡವಾಯಿತು ಎಂದುಕೊಳ್ಳುವಾಗ
ಬ್ಲೇಡು ಹಾಡತೊಡಗಿತು.
ನಾಲ್ಕು ಹಲಗೆ ಸಿಕ್ಕವು. ನಾಲ್ಕೇ.
ಹಾಲಿನ ಕೆನೆ, ಬೆಲ್ಲದ ಕಂದು, ನಡುವೆ ಆ ಕಪ್ಪು ಗೆರೆಗಳು,
ಗಂಗಾವಳಿಯ ಅಳಿವೆಯಲ್ಲಿ ಇಳಿತದ ನೀರು
ಮರಳಿಗೆ ಬಿಟ್ಟುಹೋಗುವಂಥವು.

ಸುದ್ದಿ ಕೇಳಿ ಇಬ್ಬರೂ ಒಂದೇ ದಿನ ಬಂದರು, ಬೇರೆ ಬೇರೆ ರಿಕ್ಷಾದಲ್ಲಿ.
ಹಲಗೆಯ ಎರಡು ಬದಿಗೆ ನಿಂತರು.
‘ಇದರಲ್ಲಿ ನಮ್ಮ ಕಡೆಯದು ಯಾವುದೋ?’
ಬೊಮ್ಮಯ್ಯ ಕೇಳಿದ. ಹಮ್ಮಣ್ಣ ಕನ್ನಡಕ ಏರಿಸಿ
ಬಗ್ಗಿ ಹುಡುಕಿದರು ಬಹಳ ಹೊತ್ತು.
ಬೆರಳಿಟ್ಟು ತೋರಿಸಲು ಹೋದೆ, ಕಟ್ಟಿಗೆಯ ದರ ನೆನಪಾಗಿ
ನಾಲಗೆ ಒಣಗಿತು.
ಮೂರು ಚಾ ತರಿಸಿದೆ.

ಕವಲಿನ ಒಂದು ದಿಮ್ಮಿ ಇನ್ನೂ ಇದೆ ಮಿಲ್ಲಿನ ಹಿಂದೆ,
ಒದ್ದೆ ಗೋಣಿತಾಟಿನ ಕೆಳಗೆ.
ಇವತ್ತು ಬೆಳಿಗ್ಗೆ ಬಡಿದೆ, ಮೂಸಿದೆ, ಉಗುರು ಊರಿದೆ.
ಇನ್ನೆಂಟು ದಿನ ಅನಿಸುತ್ತದೆ.
ಹೋದ ವಾರವೂ ಹಾಗೇ ಅನಿಸಿತ್ತು.